ಐದನೆಯ ಬಾತು

“ನಾಕೇ ಅವ್ರಿ ಸಾಹೇಬ್ರ,” ಎಂದಳು ಶಾಲುಬಾಯಿ.

ಮೈತುಂಬ ಬಿಳಿ ದಿರಿಸು ತೊಟ್ಟಿದ್ದ ಪಶುವೈದ್ಯರು ಖಾಲಿ ಗೂಡಿನೊಳಗೆ ಬಗ್ಗಿ ನೋಡಿದರು. ನಾಲ್ಕು ಬಾತುಗಳು ಆಗಲೇ ಅವರ ಚೀಲ ಸೇರಿದ್ದವು. ಪಕ್ಕದ ಓಣಿಯಲ್ಲಿ ಕೋಳಿಗಳು ಸತ್ತಮೇಲೆ, ಹಕ್ಕಿಜ್ವರ ಬಂದಿದೆಯೆಂದು ಎರಡು ದಿನದಿಂದ ಆಟೋಗೆ ಮೈಕ್ ಕಟ್ಟಿ ಚಿದ್ರಿ ಊರ ತುಂಬ ಸಾರಿದ್ದರು. ಮನೆಯಲ್ಲಿ ಸಾಕಿದ ಒಂದು ಹಕ್ಕಿಯನ್ನೂ ಉಳಿಸುವಂತಿರಲಿಲ್ಲ.

“ಕಾವಿಗಿ ಕುಂತದ್ದು ಯಾವುದರೆ ಅದಾ ಏನ್ರಿ? ಬಾತು ಕದ್ದು ತತ್ತಿ ಇಡ್ತಾವ.”

“ಇಲ್ರಿ. ಮುಂಜಾನಿ ಒಂಬತ್ತರ ತನಕ ನಾ ಗೂಡಿನ ಬಾಗಿಲಾನೇ ತೆಗಿಯಂಗಿಲ್ಲ. ಎಲ್ಲಾ ಅದರಾಗೇ ಇಡ್ತಾವ್ರಿ.”

ಅರ್ಧ ನಿಜ. ಬಾತುಗಳು ಬೆಳಕು ಹರಿಯುವ ಹೊತ್ತಿಗೆ ಮೊಟ್ಟೆಯಿಡುತ್ತವೆಂದು ಆಕೆ ಅವುಗಳನ್ನು ತಡವಾಗಿಯೇ ಬಿಡುತ್ತಿದ್ದಳು. ಆದರೆ ಒಂದು ಕಂದು ಬಾತು ಜಾಳಿಗೆಯ ಸಂದಿಯಲ್ಲಿ ತೂರಿ, ಬಚ್ಚಲ ಹಿಂದಿನ ಕಟ್ಟಿಗೆ ರಾಶಿಯಡಿ ಗೂಡು ಮಾಡಿತ್ತು. ಗೊತ್ತಾಗುವಷ್ಟರಲ್ಲಿ ಹುಲ್ಲು ಮುಚ್ಚಿದ ಹನ್ನೊಂದು ಮೊಟ್ಟೆಗಳಿದ್ದವು. ಚೊಚ್ಚಲ ಹೆರಿಗೆಗೆಂದು ಭಾಲ್ಕಿಯಿಂದ ತವರಿಗೆ ಬಂದಿದ್ದ ಮಗಳು ಶರ್ವರಿ, “ಕುಂಡ್ರಲಿ ಬಿಡವ್ವ,” ಎಂದಿದ್ದಳು. ದಿನಾ ಅದಕ್ಕೆ ಕಾಳು, ನೀರು ಇಡುವವಳು ಅವಳೇ. ಬಾತು ಎದ್ದು ಹೋದಾಗ ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿಯುತ್ತಿದ್ದಳು. ನಿನ್ನೆ ಒಳಗೆ ಕುಟ್ಟುವ ಸದ್ದು ಕೇಳಿಸಿತ್ತಂತೆ. “ಇನ್ನಾ ಎರಡೇ ದಿನ ಅವ್ವ. ಹೇಳಬ್ಯಾಡ,” ಎಂದು ಬೆಳಿಗ್ಗೆ ತಾಯಿಯ ಕೈ ಹಿಡಿದುಕೊಂಡಿದ್ದಳು.

ಪಶುವೈದ್ಯರ ಜೀಪು ಮುಂದಿನ ಓಣಿಗೆ ಹೋಯಿತು.

ಮಧ್ಯಾಹ್ನ ಶರ್ವರಿ ಉಣ್ಣದೆ ಮಲಗಿದಳು. ಶಾಲುಬಾಯಿ ಹಣೆ ಮುಟ್ಟಿದಳು. ಸುಡುತ್ತಿತ್ತು.

“ನೆಗಡಿ ಇರ್ಬೇಕವ್ವ.”

“ತತ್ತಿ ಮುಟ್ಟಿದ ಮ್ಯಾಲ ಕೈ ತೊಳಕೊಂಡಿಯೇನು?”

ಶರ್ವರಿ ಯೋಚಿಸಿದಳು. “ಇವತ್ತು ತೊಳಕೊಂಡೀನಿ. ನಿನ್ನಿದು ನೆನಪಿಲ್ಲ.”

ಜ್ವರ, ಕೆಮ್ಮು, ಉಬ್ಬಸ ಎಂದು ಮೈಕಿನವನು ಹೇಳುತ್ತ ಹೋದದ್ದು ಶಾಲುಬಾಯಿಗೆ ಒಂದೊಂದಾಗಿ ನೆನಪಾಯಿತು. ಹಿತ್ತಲಿಗೆ ಹೋಗಿ ಕಟ್ಟಿಗೆಯಡಿ ಇಣುಕಿದಳು. ಬಾತು ಗರಿಯುಬ್ಬಿಸಿ, ಕತ್ತು ಒಳಗೆಳೆದುಕೊಂಡು ಅಲುಗದೆ ಕೂತಿತ್ತು. ಕಾವಿಗೆ ಕೂತದ್ದು ಹಾಗೇ ಇರುತ್ತದೆ. ಜಡ್ಡು ಬಂದದ್ದೂ ಹಾಗೇ ಇರುತ್ತದೆ. ಎಷ್ಟು ಹೊತ್ತು ನೋಡಿದರೂ ಯಾವುದೆಂದು ತಿಳಿಯಲಿಲ್ಲ.

ಚಪ್ಪಲಿ ಮೆಟ್ಟದೆ ಓಡಿದಳು. ಮೂರು ಓಣಿ ದಾಟಿ ಕಿರಾಣಿ ಅಂಗಡಿಯ ಮುಂದೆ ಜೀಪು ಸಿಕ್ಕಿತು.

“ಸಾಹೇಬ್ರ, ಸುಳ್ಳ ಹೇಳೀನ್ರಿ. ಇನ್ನೊಂದು ಅದಾ. ಮಗಳಿಗಿ ಜ್ವರ ಬಂದಾವ, ಬಸುರಿ ಇದ್ದಾಳ್ರಿ…”

ಅವರು ಬೈಯಲಿಲ್ಲ. ಫೋನು ತೆಗೆದು ಆಸ್ಪತ್ರೆಗೆ ಹಚ್ಚಿದರು. ಬೈದಿದ್ದರೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ.

ಕಟ್ಟಿಗೆ ಸರಿಸಿದಾಗ ಬಾತು ಬುಸುಗುಟ್ಟಿ ಕೈಗವಸನ್ನು ಕಚ್ಚಿತು. ಮೊಟ್ಟೆಗಳನ್ನೂ ತೆಗೆದುಕೊಂಡರು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಶರ್ವರಿ ಹಾಸಿಗೆಗೆ ಹೋಗಿ ಗೋಡೆಯ ಕಡೆ ಹೊರಳಿದಳು. ಸಂಜೆ ನರ್ಸ್ ಬಂದು ಅವಳ ಮೂಗು, ಗಂಟಲಿನ ಮಾದರಿ ತೆಗೆದು, ಬೇರೆ ಕೋಣೆಯಲ್ಲಿರಿಸಲು ಹೇಳಿದಳು.

ಮೂರು ದಿನ ಶರ್ವರಿ ತಾಯಿಯೊಡನೆ ಮಾತಾಡಲಿಲ್ಲ. ಶಾಲುಬಾಯಿ ಗಂಜಿಯನ್ನು ಹೊಸ್ತಿಲ ಬಳಿಯಿಟ್ಟು ಹಿಂದೆ ಸರಿಯುತ್ತಿದ್ದಳು. ಒಳಗಿಂದ ಕೆಮ್ಮು ಕೇಳಿದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ಬಂದು ಬಾಗಿಲಿಗೆ ಕಿವಿಗೊಡುತ್ತಿದ್ದಳು.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಫೋನು ಬಂತು. ಹಕ್ಕಿಜ್ವರವಲ್ಲ, ಸಾದಾ ನೆಗಡಿ. ಬಾತಿಗೆ ಏನಾದರೂ ಇತ್ತೇ ಎಂದು ಶಾಲುಬಾಯಿ ಕೇಳಲಿಲ್ಲ.

“ಅವ್ವ,” ಎಂದಳು ಶರ್ವರಿ ಒಳಗಿಂದ. “ಹಸಿವಾಗ್ಯಾದ. ರೊಟ್ಟಿ ಮಾಡ್ತಿಯೇನು?”

ಶಾಲುಬಾಯಿ ಒಲೆ ಹಚ್ಚಿ ಜೋಳದ ಹಿಟ್ಟು ನಾದಿದಳು. ಬಡಿಯುತ್ತಿದ್ದಂತೆ ರೊಟ್ಟಿಯ ಅಂಚು ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಮತ್ತೆ ಹರಿಯಿತು. ನಡುಗುವ ಎರಡೂ ಕೈಗಳನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಕೂತಳು. ಒಲೆಯ ಮೇಲಿನ ಹಂಚು ಕಾದು ಹೊಗೆಯಾಡತೊಡಗಿತು.