ಬೇಸಿಗೆಯ ಚೊಗರು

ನ್ಯಾಮತಿಯ ಬೆನಕಪ್ಪನಿಗೆ ಗಾಳದ ಹುಚ್ಚು ಹತ್ತಿದ್ದು ಹೇಗೆ ಎಂದು ಕೇಳಿದರೆ ಅವನೂ ಹೇಳಲಾರ. ಹುಟ್ಟಿದ್ದು ಲಿಂಗವಂತರ ಮನೆಯಲ್ಲಿ. ಎದೆಯ ಮೇಲೆ ಲಿಂಗದ ಕರಡಿಗೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮೀನು ತಿನ್ನುವ ಮಾತು ಹಾಗಿರಲಿ, ಸಂತೆಯಲ್ಲಿ ಮೀನಿನವರು ಕೂರುವ ಸಾಲನ್ನು ಅವನ ತಾಯಿ ಕಲ್ಲಮ್ಮ ಸೆರಗು ಮೂಗಿಗೆ ಹಿಡಿಯದೆ ದಾಟಿದವಳಲ್ಲ. ಅಂಥ ತಾಯಿಯ ಮಗನಿಗೆ ವಾರಕ್ಕೊಮ್ಮೆಯಾದರೂ ಸವಳಂಗದ ಕೆರೆ ದಂಡೆಯಲ್ಲಿ ಕೋಲು ಹಿಡಿದು ಕೂರದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ನೆಪಕ್ಕೇನೂ ಬರವಿರಲಿಲ್ಲ. ಅವನದು ಅಡಿಕೆ ಚೇಣಿಯ ಕಸುಬು. ಫಸಲು ಮರದ ಮೇಲಿರುವಾಗಲೇ ಮಾತಾಡಿ ಹಿಡಿದು, ಕೊಯ್ಸಿ, ಸುಲಿಸಿ, ಬೇಯಿಸಿ ಮಂಡಿಗೆ ಹಾಕುವುದು. ಚೇಣಿದಾರ ಎಂದಮೇಲೆ ಊರೂರು ತಿರುಗಲೇಬೇಕು. "ಚನ್ನಗಿರಿ ಕಡೆ ಒಂದು ತೋಟ ನೋಡಿ ಬರ್ತೀನಿ" ಎಂದು ಹೊರಟ ರಾಜದೂತ್ ಬೈಕು ಸವಳಂಗದ ಕೆರೆ ಏರಿಯ ಮೇಲೆ ನಿಂತಿದ್ದರೆ ಕೇಳುವವರು ಯಾರು? ಕೋಲು, ದಾರ ಎಲ್ಲ ರಂಗಣ್ಣನ ಗುಡಿಸಲಿನ ಸೂರಿನಲ್ಲಿ ಇರುತ್ತಿದ್ದವು. ರಂಗಣ್ಣ ಜಗಳೂರು ಸೀಮೆಯಿಂದ ಕೂಲಿಗೆಂದು ಬಂದು, ಕೆರೆ ಬಿಟ್ಟು ಹೋಗಲಾರದೆ ಏರಿಯ ಬುಡದಲ್ಲೇ ಉಳಿದುಕೊಂಡವನು.

ಬೆನಕಪ್ಪ ಎರೆಹುಳ ಮುಟ್ಟುತ್ತಿರಲಿಲ್ಲ. ಮನೆಯಿಂದ ರೊಟ್ಟಿ ಹಿಟ್ಟಿನ ಒಂದು ಉಂಡೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿ ತಂದು ಅದನ್ನೇ ಗಾಳಕ್ಕೆ ಸಿಕ್ಕಿಸುತ್ತಿದ್ದ. ಗಾಳದ ಒಳಮುಳ್ಳನ್ನು ಅರದಿಂದ ಉಜ್ಜಿ ನುಣುಪು ಮಾಡಿಟ್ಟಿದ್ದ, ಬಿಡಿಸುವಾಗ ತುಟಿ ಹರಿಯಬಾರದೆಂದು. ಗೆಂಡೆ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಎತ್ತುವುದು, ಬಿಸಿಲಿಗೆ ಒಂದು ಸಲ ಹೊಳೆಯಿಸಿ ನೋಡುವುದು, ಮತ್ತೆ ನೀರಿಗೆ ಬಿಡುವುದು. ಇದನ್ನು ಕಂಡಾಗಲೆಲ್ಲ ರಂಗಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು.

"ಹಿಟ್ಟು ತಿನ್ನೋ ಮೀನು, ಹಿಡಿದು ಬಿಡೋ ಸಾವ್ಕಾರ್ರು. ನಿಮ್ಮ ಗಾಳಕ್ಕೆ ಬೀಳೋ ಮೀನಿಗೂ ಯಾರೋ ಲಿಂಗ ಕಟ್ಟಿರಬೇಕು ಬಿಡ್ರಿ" ಎಂದು ನಗುತ್ತಿದ್ದ.

ಮಧ್ಯಾಹ್ನದ ಕೆರೆಯೆಂದರೆ ಬೆನಕಪ್ಪನಿಗೆ ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಒಂದು ಜಾಗ. ನೀರಿನೊಳಗೆ ಮೋಡ ನಡೆಯುತ್ತಿತ್ತು. ಆಚೆ ದಡದ ಎಮ್ಮೆಗಳು ತಲೆಕೆಳಗಾಗಿ ನಿಂತು ಮೇಯುತ್ತಿದ್ದವು. ದಾರಕ್ಕೆ ಕಟ್ಟಿದ ಜೋಳದ ದಂಟಿನ ಬೆಂಡು ನೀರಿನ ಮೇಲೆ ಕೂತು ತೂಕಡಿಸುತ್ತಿತ್ತು. ಅದನ್ನು ನೋಡುತ್ತ ಅವನೂ ತೂಕಡಿಸುತ್ತಿದ್ದ. ಅಡಿಕೆಯ ಧಾರಣೆ, ತೋಟದವರ ಜಗ್ಗಾಟ, ಮಂಡಿಯ ಗದ್ದಲ ಎಲ್ಲ ಏರಿಯ ಆಚೆಗೇ ಉಳಿದುಬಿಡುತ್ತಿದ್ದವು. ಆಮೇಲೆ ಯಾವಾಗಲೋ ಬೆಂಡು ಅಲುಗಿ, ಪುಳಕ್ಕನೆ ಮುಳುಗಿ, ದಾರದ ಆ ತುದಿಯಲ್ಲಿ ಯಾರೋ ಇದ್ದಾರೆಂಬ ಸುದ್ದಿ ಬೆರಳಿಗೆ ಬರುತ್ತಿತ್ತು. ಆ ಸುದ್ದಿಗಾಗಿಯೇ ಅವನು ಅಷ್ಟು ದೂರ ಬರುತ್ತಿದ್ದುದು.

ತೊಂದರೆ ಇದ್ದದ್ದು ವಾಸನೆಯದು. ಎಷ್ಟು ಸೋಪು ತಿಕ್ಕಿದರೂ ಬೆರಳ ಸಂದಿಯಲ್ಲಿ ಮೀನು ಕೂತೇ ಇರುತ್ತಿತ್ತು. ಕಲ್ಲಮ್ಮನ ಕಣ್ಣು ಮಂಜಾಗಿದ್ದರೂ ಮೂಗು ಮಾತ್ರ ಬಲು ಚುರುಕು. ಇದಕ್ಕೆ ಮದ್ದನ್ನು ಬೆನಕಪ್ಪ ಹಿತ್ತಿಲಲ್ಲೇ ಕಂಡುಕೊಂಡಿದ್ದ. ಅಡಿಕೆ ಬೇಯಿಸುವ ಒಲೆಯ ಪಕ್ಕ ಒಂದು ಗಡಿಗೆಯಲ್ಲಿ ಚೊಗರು ಇರುತ್ತಿತ್ತು. ಹಸಿ ಅಡಿಕೆ ಬೆಂದು ಬಿಟ್ಟ ಕೆಂಪು ಕಷಾಯ. ಅದರಲ್ಲಿ ಮೊಣಕೈವರೆಗೆ ಅದ್ದಿ ತೆಗೆದರೆ ಮೀನಲ್ಲ, ಯಾವ ವಾಸನೆಯೂ ಉಳಿಯುವುದಿಲ್ಲ. ಕೈ ಕೆಂಪಾಗುತ್ತದೆ, ಆಗಲಿ. ಅಡಿಕೆಯವನ ಕೈ ಕೆಂಪಗಿರದೆ ಇನ್ಯಾವ ಬಣ್ಣಕ್ಕಿರಬೇಕು? ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು, ಕೆಂಪು ಕೈ ಒರೆಸಿಕೊಂಡು ಅವನು ಊಟಕ್ಕೆ ಕೂರುತ್ತಿದ್ದ. ಹೆಂಡತಿ ಸಾವಂತ್ರಮ್ಮ ಏನೂ ಕೇಳದೆ ರೊಟ್ಟಿ ಬಡಿಸುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಯುಗಾದಿ ಮುಗಿದ ಮೇಲೆ ಸಾವಂತ್ರಮ್ಮ ಬಿಳಿಚೋಡಿನ ತವರಿಗೆ ಹೋದಳು. ಅಣ್ಣ ತಿಪ್ಪೇಶಪ್ಪನ ಮಗಳ ಸೀಮಂತ. ಒಂದು ವಾರ ಇದ್ದು ಬರುವ ಮಾತಾಗಿತ್ತು. ಬೆನಕಪ್ಪನಿಗೆ ಹಗ್ಗ ಬಿಚ್ಚಿದ ಕರುವಿನಂತಾಯಿತು. ಕೊಯ್ಲಿಲ್ಲದ ಕಾಲ, ಕೆರೆಯ ನೀರು ಇಳಿದು ಮೀನು ಹತ್ತಿರ ಬರುವ ಕಾಲ. ದಿನಾ ಸವಳಂಗ. ವಾರ ಕಳೆಯಿತು, ಪಕ್ಷ ಕಳೆಯಿತು, ಅವನಿಗೆ ಗೊತ್ತೇ ಆಗಲಿಲ್ಲ. "ಸಾವಂತ್ರಿನ ಕರೆಯಾಕೆ ಹೋಗಲ್ಲೇನೋ?" ಎಂದು ತಾಯಿ ಕೇಳಿದಾಗಲೆಲ್ಲ "ನಾಳೆ ಹೋಗ್ತೀನವ್ವ" ಎನ್ನುತ್ತಿದ್ದ. ಆ ನಾಳೆ ಬೆಂಡಿನ ಜೊತೆ ಮುಳುಗಿ ಹೋಗುತ್ತಿತ್ತು.

ಒಂದು ಸಂಜೆ ಬಂದು ಗಡಿಗೆಗೆ ಕೈ ಇಳಿಸಿದರೆ ಕೈ ತಳಕ್ಕೆ ತಗುಲಿತು. ದಿನಾ ಇಳಿಯುತ್ತ ಬಂದದ್ದನ್ನು ಅವನು ಲಕ್ಷಿಸಿರಲಿಲ್ಲ; ಈಗ ಚೊಗರು ಪೂರ್ತಿ ಒಣಗಿ, ತಳದಲ್ಲಿ ಕೆಂಪು ಹೆಕ್ಕಳೆ ಕಟ್ಟಿ ಬಿರುಕು ಬಿಟ್ಟಿತ್ತು.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಕೊಯ್ಲು ಮುಗಿದು ಎಷ್ಟೋ ದಿನವಾಗಿದೆ. ಒಲೆ ಆರಿದೆ. ಈ ಬಿಸಿಲಿಗೆ ಗಡಿಗೆ ಒಣಗುವುದು ಸಹಜವೇ. ಹಾಗಾದರೆ ಹೋದ ಬೇಸಿಗೆಯಲ್ಲಿ ಯಾಕೆ ಒಣಗಲಿಲ್ಲ? ಅದರ ಹಿಂದಿನ ಬೇಸಿಗೆಯಲ್ಲಿ? ಕೈ ಅದ್ದಿದಾಗಲೆಲ್ಲ ತುಂಬಿಯೇ ಇತ್ತಲ್ಲ! ಗಟ್ಟಿ ಚೊಗರನ್ನು ಬಿಸಿನೀರಲ್ಲಿ ಕದಡಿ ಯಾರಾದರೂ ಹೊಯ್ಯದೆ ಅದು ತುಂಬುವುದಿಲ್ಲ. ಅವ್ವ ಹೊಯ್ದಿರಲಾರಳು, ಅವಳಿಗೆ ತಿಳಿದಿದ್ದರೆ ಮನೆಯ ಹೆಂಚು ಹಾರಿಹೋಗುತ್ತಿದ್ದವು. ಉಳಿದವಳು ಒಬ್ಬಳೇ.

ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅವನು ಹಾಕುವ ತೀರ್ಥಕ್ಕೆ ಅಂಗೈ ಒಡ್ಡುತ್ತಿದ್ದವಳು, ಆ ಕೈ ಹಿಂದಿನ ದಿನ ಏನು ಹಿಡಿದಿತ್ತೆಂದು ತಿಳಿದೇ ಒಡ್ಡುತ್ತಿದ್ದಳು. ಎಷ್ಟು ದಿನ ಸಹಿಸಿಯಾಳು? ಹೇಸಿಕೊಂಡು ಹೋದಳೇ? ಇನ್ನು ಬರುವುದೇ ಇಲ್ಲವೇ? ಆ ರಾತ್ರಿ ಹುಣಸೆಹಣ್ಣು ತಿಕ್ಕಿ ತಿಕ್ಕಿ ಕೈ ತೊಳೆದುಕೊಂಡ.

ಮರುದಿನ ಮೊದಲ ಬಸ್ಸಿಗೆ ಹೊರಟ. ಹೊನ್ನಾಳಿ ದಾಟಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ದಾರಿ ಹಿಡಿದ ಮೇಲೆ ಹಸಿರು ಒಂದೊಂದಾಗಿ ಕಳಚಿಕೊಂಡಿತು. ಕೆಂಪು ನೆಲ, ಕುರಿಹಿಂಡು, ಬಿಸಿಲುಗುದುರೆ. ಕಿಟಕಿಗೆ ತಲೆ ಕೊಟ್ಟು ಜೊಂಪು ಹತ್ತಿದಾಗ ಒಂದು ಕನಸು. ಅವನು ಕೆರೆಯಿಂದ ದಾರ ಎಳೆಯುತ್ತಿದ್ದಾನೆ. ಎಳೆದಷ್ಟೂ ದಾರ ಬರುತ್ತಲೇ ಇದೆ, ಕಾಲ ಬಳಿ ಗುಡ್ಡೆಯಾಗುತ್ತಿದೆ. ಕೊನೆಗೆ ನೋಡಿದರೆ ಆ ತುದಿ ಬಿಳಿಚೋಡಿನ ಬಾವಿಯ ರಾಟೆಗೆ ಕಟ್ಟಿದೆ. ರಾಟೆಯ ಪಕ್ಕ ಸಾವಂತ್ರಮ್ಮ ನಿಂತಿದ್ದಾಳೆ. ಎಳೆಯಲೂ ಒಲ್ಲಳು, ಬಿಡಲೂ ಒಲ್ಲಳು.

ಎಚ್ಚರಾದಾಗ ಕಂಡಕ್ಟರು "ಬಿಳಿಚೋಡು, ಬಿಳಿಚೋಡು" ಎಂದು ಕೂಗುತ್ತಿದ್ದ.

ಅವಳು ಬೇವಿನ ಮರದ ನೆರಳಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವನನ್ನು ಕಂಡು ಎದ್ದಳು, ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಅವನು ಕೈಕಾಲು ತೊಳೆಯುವುದನ್ನು ನೋಡುತ್ತ ನಿಂತವಳು ಅಂಗೈ ಕಡೆಗೇ ಕಣ್ಣು ನೆಟ್ಟಳು.

"ಚೊಗರು ಮುಗೀತೇನು?"

ಬೆನಕಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಹೂಂ. ಒಣಗೈತೆ" ಎಂದ.

"ಒಣಗಿದ ಮ್ಯಾಲೆ ನಾನು ನೆನಪಾದ್ನಾ?"

ಅವನು ಸುತ್ತ ನೋಡಿದ. ತಿಪ್ಪೇಶಪ್ಪ ಹೊಲದಲ್ಲಿದ್ದ, ಅತ್ತಿಗೆ ಒಳಗೆ ಅಡುಗೆಯಲ್ಲಿದ್ದಳು. ಮಾತಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ.

"ನಿಂಗೆ ಹೇಸಿಗೆ ಆಗ್ಲಿಲ್ವಾ ಸಾವಂತ್ರಿ? ಹಿಡೀತೀನಿ ಅಷ್ಟೇ, ಕೊಲ್ಲಲ್ಲ. ನಿಂಗೆ ಗೊತ್ತಾಗಬಾರ್ದು ಅಂತ..."

"ರೊಟ್ಟಿ ಹಿಟ್ಟು ನಾದುವಾಗ ಒಂದು ಉಂಡೆ ಜಾಸ್ತಿ ನಾದ್ತಿದ್ದೆನಲ್ಲ, ಅದು ಯಾರ ಹೊಟ್ಟೆಗೆ ಹೋಗ್ತೈತೆ ಅಂತ ನಂಗೆ ಗೊತ್ತಿಲ್ಲೇನು? ಮೀನಿನ ಮಾತು ಬಿಡ್ರಿ." ಅವಳು ಅವನ ಕೈಯಿಂದ ಚೊಂಬು ಇಸಿದುಕೊಂಡಳು. "ಸೀಮಂತಕ್ಕೆ ಬಂದ ಹೆಣ್ಣುಮಕ್ಕಳನ್ನೆಲ್ಲ ಗಂಡಂದಿರು ಬಂದು ಕರ್ಕೊಂಡು ಹೋದ್ರು. ನಾನು ದಿನಾ ಸೀರೆ ಮಡಚಿ ಚೀಲಕ್ಕೆ ಹಾಕಿ ಈ ಮರದ ಕೆಳಗೆ ಕೂರ್ತೀನಿ. ಬಸ್ಸು ಹೋದ ಮ್ಯಾಲೆ ಮತ್ತೆ ತೆಗೀತೀನಿ. ಯಾರೂ ಕರೆಯಾಕೆ ಬರದೆ ನಾನಾಗೇ ನಡ್ಕೊಂಡು ಬರಾಕೆ ನಾನೇನು ಅನಾಥಳಾ? ಅತ್ತಿಗೆ ಏನೂ ಕೇಳಲ್ಲ. ಕೇಳದೆ ಇರೋದೇ ಸಂಕಟ."

ಬೆನಕಪ್ಪನ ಕಣ್ಣು ತುಂಬಿತು. ತವರಿಗೆ ಹೋದ ಹೆಂಡತಿಯನ್ನು ಗಂಡನೇ ಹೋಗಿ ಕರೆತರಬೇಕು, ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಬೆಂಡು ಮುಳುಗುವುದನ್ನು ಕಾಯುತ್ತ ಕೂತವನಿಗೆ ತನ್ನನ್ನು ಕಾಯುತ್ತ ಕೂತವಳು ನೆನಪಾಗಿರಲಿಲ್ಲ. ಮೀನು ಮುಟ್ಟಿದ್ದಕ್ಕೆ ಅವನಿಗೆ ಎಂದೂ ಇಷ್ಟು ನಾಚಿಕೆ ಆಗಿರಲಿಲ್ಲ.

"ತಪ್ಪಾತು" ಎಂದ. "ಕರೆಯಾಕೇ ಬಂದೀನಿ. ಬರ್ತೀಯಾ?"

ಅವಳು ಮತ್ತೆ ಹುಣಸೆಹಣ್ಣಿನ ಮುಂದೆ ಕೂತಳು. ಆದರೆ ಮರುದಿನ ಬೆಳಿಗ್ಗೆ ಚೀಲ ಹಿಡಿದು ಬಸ್ಸಿನ ಹತ್ತಿರ ನಿಂತಿದ್ದಳು. ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ. ದಾವಣಗೆರೆಯಲ್ಲಿ ಕೊಡಿಸಿದ ಮಂಡಕ್ಕಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಳು. ಮರ್ಯಾದೆಗೆ ಬರುತ್ತಿದ್ದಾಳೋ, ಮನಸ್ಸಿನಿಂದ ಬರುತ್ತಿದ್ದಾಳೋ ಬೆನಕಪ್ಪನಿಗೆ ತಿಳಿಯಲಿಲ್ಲ. ಹೊನ್ನಾಳಿಯ ಸೇತುವೆ ಬಂದಾಗ ಮಾತ್ರ ಅವಳು ಕತ್ತು ಚಾಚಿ ಕೆಳಗಿನ ಹೊಳೆಯನ್ನು ನೋಡಿದಳು. ಸೇತುವೆ ಮುಗಿದ ಮೇಲೂ ನೋಡುತ್ತಿದ್ದಳು.

ಕಂಡಕ್ಟರು ಬಂದ. "ನ್ಯಾಮತಿ, ಎರಡು" ಎಂದ ಬೆನಕಪ್ಪ.

"ಸವಳಂಗ ಮಾಡ್ರಿ" ಎಂದಳು ಸಾವಂತ್ರಮ್ಮ, ಕಿಟಕಿಯಿಂದ ಮುಖ ತಿರುಗಿಸದೆ.

ಕಂಡಕ್ಟರು ಗಂಡನ ಮುಖ ನೋಡಿದ. ಗಂಡ ತಲೆ ಆಡಿಸಿದ.

ಕೆರೆಯ ಏರಿಯ ಮೇಲೆ ಸೆರಗು ಹೊದ್ದ ಹೆಂಗಸನ್ನು ಕಂಡು ರಂಗಣ್ಣ ಗಾಬರಿಯಾಗಿ ತನ್ನ ಮೀನಿನ ಬುಟ್ಟಿಯ ಮೇಲೆ ಟವೆಲ್ಲು ಎಸೆದ. "ನಮ್ಮನೇರು" ಎಂದ ಬೆನಕಪ್ಪ. ರಂಗಣ್ಣ ಎರಡೂ ಕೈ ಮುಗಿದು, ಕೋಲು ತಂದು ಕೊಟ್ಟು, ಸದ್ದಿಲ್ಲದೆ ದೂರ ಹೋಗಿ ಕೂತ. ಸಾವಂತ್ರಮ್ಮ ಚೀಲ ಬಿಚ್ಚಿ ಬುತ್ತಿಯ ಬಟ್ಟೆಯಿಂದ ಒಂದು ಹಿಟ್ಟಿನ ಉಂಡೆ ತೆಗೆದಳು. ಬೆಳಿಗ್ಗೆ ಬಿಳಿಚೋಡಿನಲ್ಲೇ ನಾದಿದ್ದು. ಬೆನಕಪ್ಪ ಅದನ್ನು ಗಾಳಕ್ಕೆ ಸಿಕ್ಕಿಸಿ ಕೋಲನ್ನು ಅವಳ ಕೈಗೇ ಕೊಟ್ಟ.

ಇಬ್ಬರೂ ಕೂತರು. ಬಿಸಿಲು ಇಳಿಯತೊಡಗಿತ್ತು. ನೀರಿನೊಳಗಿನ ಮೋಡ ಇವರ ಕಾಲ ಬಳಿಗೇ ಬಂದು ನಿಂತಿತ್ತು, ಎಮ್ಮೆಗಳು ತಲೆಕೆಳಗಾಗಿ ಮೇಯುತ್ತಿದ್ದವು. ಅವಳು ಕೋಲು ಹಿಡಿದಿದ್ದಳು. ಎಷ್ಟು ಹೊತ್ತು ಹಾಗೆ ಕೂತರೋ, ಅವಳ ಕಣ್ಣೂ ಬೆಂಡಿನ ಜೊತೆ ತೇಲತೊಡಗಿತು. "ಇದನ್ನ ನೋಡಾಕೆ ಬರ್ತಿದ್ರಾ?" ಎಂದು ಕನವರಿಸಿದಂತೆ ಕೇಳಿದಳು. ಅವನು "ಹೂಂ" ಎಂದ.

ಬೆಂಡು ಅಲುಗಿ ಮುಳುಗಿತು. ಅವಳು ಬೆಚ್ಚಿದಳು. ತವರಿನ ಬಾವಿಯಿಂದ ಹಗ್ಗ ಎಳೆದೆಳೆದು ಬೆಳೆದ ಕೈ ಅದು. ಭಾರ ಅದಕ್ಕೆ ಹೊಸದಲ್ಲ. ಆದರೆ ಕೊಡ ಎಂದೂ ಹೀಗೆ ತಿರುಗಿ ಎಳೆದಿರಲಿಲ್ಲ.

"ರೀ! ಯಾರೋ ಅದಾರ್ರೀ ಆ ಕಡೆ!"

"ಅದೇ" ಎಂದ ಬೆನಕಪ್ಪ. "ಅದನ್ನೇ ನಿಂಗೆ ಹೇಳಾಕೆ ಬರ್ತಿರಲಿಲ್ಲ."

ಮೊಣಕಾಲುದ್ದ ನೀರಿಗಿಳಿದು ಗಾಳ ಬಿಡಿಸಿದ. ಗೆಂಡೆಯ ತುಟಿಯಲ್ಲಿ ಸಣ್ಣ ತೂತಿತ್ತು. ಅವಳು ಅದನ್ನು ನೋಡಿದಳು.

"ನೋವಾಗಲ್ವಾ ಇದಕ್ಕೆ?"

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. "ಆಗದೆ ಇರ್ತೈತಾ" ಎಂದ ಮೆಲ್ಲಗೆ.

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ದಿನಾ ಲಿಂಗ ಹಿಡಿಯುವ ಎಡಗೈಯನ್ನು ನೀರೊಳಗೆ ಚಾಚಿದಳು. ಅವನು ಮೀನನ್ನು ಅದರ ಮೇಲೆ ಇಳಿಸಿದ. ಮೀನು ಒಂದು ಗಳಿಗೆ ಅಲ್ಲೇ ಕಿವಿರು ಆಡಿಸುತ್ತ ನಿಂತಿತು, ಆಮೇಲೆ ಬಾಲ ಬೀಸಿ ಮೋಡದೊಳಗೆ ಹೋಯಿತು. ಸಾವಂತ್ರಮ್ಮ ಬರಿಗೈಯನ್ನು ಹಾಗೇ ನೀರಲ್ಲಿ ಚಾಚಿಕೊಂಡು ನಿಂತಿದ್ದಳು.

"ಮುಂದಿನ ಸಲ ನಾನು ತವರಿಗೆ ಹೋದ್ರೆ?" ಎಂದಳು.

"ವಾರ ಆಗೋದ್ರೊಳಗೆ ಬರ್ತೀನಿ."

"ನೋಡಾಣ" ಎಂದಳು. ಮುಖದಲ್ಲಿ ನಗು ಇತ್ತು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಕಲ್ಲಮ್ಮ ಪಡಸಾಲೆಯಲ್ಲಿದ್ದಳು; ಇಬ್ಬರೂ ಸುತ್ತು ಹಾಕಿ ಹಿತ್ತಿಲಿನಿಂದಲೇ ಒಳಗೆ ಬಂದರು. ಸಾವಂತ್ರಮ್ಮ ನೀರು ಕಾಯಿಸಿ, ಎಲ್ಲಿಂದಲೋ ಗಟ್ಟಿ ಚೊಗರಿನ ಕುಡಿಕೆ ತೆಗೆದು, ಕದಡಿ ಗಡಿಗೆ ತುಂಬಿದಳು. ನಾಲ್ಕು ಕೈ ಅದರಲ್ಲಿ ಒಟ್ಟಿಗೆ ಇಳಿದವು.

ಬೆಳಿಗ್ಗೆ ಪೂಜೆಗೆ ಕೂತಾಗ ಕಲ್ಲಮ್ಮ ಕಣ್ಣು ಕಿರಿದು ಮಾಡಿ ಮಗನ ಕೈ ನೋಡಿದಳು, ಸೊಸೆಯ ಕೈ ನೋಡಿದಳು.

"ಕೊಯ್ಲು ಇನ್ನೂ ಎಲ್ಲೋ ಐತೆ. ಇಬ್ರ ಕೈಯೂ ಯಾಕೆ ಹಿಂಗೆ ಕೆಂಪಗಾಗೈತೆ?"

"ಗಡಿಗೆ ಒಣಗಿತ್ತು ಅತ್ತೆ" ಎಂದಳು ಸಾವಂತ್ರಮ್ಮ. "ಇನ್ ಮ್ಯಾಲೆ ಒಣಗಲ್ಲ."

ಬೆನಕಪ್ಪ ತೀರ್ಥದ ಬಟ್ಟಲು ಎತ್ತಿದ. ಅವಳು ಕೆಂಪು ಅಂಗೈ ಒಡ್ಡಿದಳು.