ಅಮ್ಮ ಕೂತಿರಲಿಲ್ಲ

ಹೆಣಿಗೆಕಡ್ಡಿಗಳ ಟಿಕ್ ಟಿಕ್, ಅರವತ್ತು ಹೆಂಗಸರು, ಅರವತ್ತು ಜೊತೆ ಕಡ್ಡಿ, ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಯಾರೂ ತಲೆ ಎತ್ತುತ್ತಿಲ್ಲ, ಒದ್ದೆ ಶಾಲುಗಳ ಉಣ್ಣೆ ವಾಸನೆ, ನೆಲ ಒರೆಸಿದ ಫಿನಾಯಿಲಿನ ವಾಸನೆ, ಎರಡೂ ಸೇರಿ ಗಂಟಲಲ್ಲಿ ಕೂತಿವೆ, ದ್ವೋಶೆಯ ಕೈಯಲ್ಲಿ ಮಾತ್ರ ಕಡ್ಡಿಯಿಲ್ಲ, ಅವಳ ತೊಡೆಯ ಮೇಲೆ ಮಗಳು, ನಾಲ್ಕು ವರ್ಷದ್ದು, ಕೆಂಡದ ಹಾಗೆ ಸುಡುತ್ತಿದೆ, ಒಂಬತ್ತು ದಿನದಿಂದ ಎಡಗಿವಿ ಸೋರುತ್ತಿದೆ, ಬಿಸಿ ಎಣ್ಣೆ ಬಿಟ್ಟಾಯಿತು, ಈರುಳ್ಳಿ ಸುಟ್ಟು ಕಟ್ಟಿದ್ದಾಯಿತು, ನಿನ್ನೆಯಿಂದ ಕಿವಿಯ ಹಿಂದೆ ಒಂದು ಊತ, ಮುಟ್ಟಿದರೆ ಕೂಗುತ್ತಿತ್ತು, ಈಗ ಕೂಗುವುದನ್ನೂ ಬಿಟ್ಟಿದೆ, ಅದೇ ಭಯ, ಕೂಗಿದರೆ ಸಹಿಸಬಹುದು — ಹೋಗೇ, ಎಲ್ಲರೂ ಹೋಗ್ತಾರೆ, ಎಂದಿದ್ದಳು ಮೇಲ್ಮನೆಯ ಮುದುಕಿ ಖಾಸ್ಯೆ, ವೈಟ್‌ಚಾಪೆಲ್‌ನಲ್ಲಿ ಆ ಮಿಷನ್ನಿನವರ ಔಷಧಿ ಕುಡೀದ ಯೆಹೂದಿ ಮಗು ಯಾವುದಿದೆ ತೋರ್ಸು, ಮೊದಲು ಅವರ ಯೇಸು ವಿಷಯ ಒಂದು ಗಂಟೆ ಕೇಳ್ಬೇಕು, ಕೇಳೋದೇನು ಬಂತು, ಅವನು ಬಡಬಡಿಸ್ತಾನೆ, ನಾನು ಕಾಲುಚೀಲ ಹೆಣೀತೀನಿ, ಅವನದು ಮುಗಿಯೋ ಹೊತ್ತಿಗೆ ನನ್ನದೊಂದು ಹಿಮ್ಮಡಿ ಮುಗಿದಿರುತ್ತೆ, ಬಾಟ್ಲಿ ಈಸ್ಕೊಂಡು ಬರೋದು. ಇಲ್ಲಿ ಬೋಧನೆ ಮಾಡುವವನು ಒಬ್ಬ ಇಂಗ್ಲಿಷ್ ಮುದುಕ, ನಮ್ಮ ಯಿದ್ದಿಶ್ ಮಾತನ್ನು ಪುಸ್ತಕದಿಂದ ಕಲಿತವನು, ತಪ್ಪಿಸಿಕೊಂಡ ಕುರಿ ಎನ್ನಲು ಹೋಗಿ ತಪ್ಪಿಸಿಕೊಂಡ ಕುರ್ಚಿ ಎನ್ನುತ್ತಾನಂತೆ, ಹೆಂಗಸರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರಂತೆ. ಓಣಿಯ ಬಾಯಲ್ಲಿ ನಮ್ಮ ಪ್ರಾರ್ಥನಾಮಂದಿರದ ಇಬ್ಬರು ಗಂಡಸರು ನಿಂತಿದ್ದರು, ಯಾರು ಯಾರು ಒಳಗೆ ಹೋಗುತ್ತಾರೆಂದು ನೋಡಲು, ತಾಯೀ, ಅಲ್ಲಿ ಕೊಡೋ ಔಷಧಿ ಕುಡಿದೋರು ಆಮೇಲೆ ನಮ್ಮೋರಾಗಿ ಉಳಿಯಲ್ಲ, ಎಂದ ಒಬ್ಬ, ಅವಳು ಶಾಲು ಸರಿಸಿ ಮಗುವಿನ ಕಿವಿ ತೋರಿಸಿದಳು, ಹಾಗಾದ್ರೆ ನೀವೇ ವಾಸಿ ಮಾಡಿ, ಅವನು ನೋಡಿದ, ಆಮೇಲೆ ಬೀದಿಯ ಆಚೆಬದಿ ನೋಡತೊಡಗಿದ. ಪಾಪ, ಅವನಾದರೂ ಏನು ಮಾಡಿಯಾನು.

ಬಾಗಿಲು ಹಾಕಿದ ಸದ್ದು, ಬೋಧಕ ಬಂದ ಎಂದು ಕಾಣುತ್ತದೆ, ತಲೆ ಎತ್ತಬಾರದು, ಊತ ಇನ್ನಷ್ಟು ಕೆಂಪಾಯಿತೇ, ಇಲ್ಲ, ಕಿಟಕಿಯ ಬೆಳಕು ಹಾಗೆ — ಸೋದರಿಯರೇ, ನಿಮಗೆ ಸಾಂತಿಯಿರಲಿ. ಸಾಂತಿ. ಶಾಂತಿಯಲ್ಲ, ಸಾಂತಿ. ಟಿಕ್ ಟಿಕ್ ಒಮ್ಮೆ ತಡವರಿಸಿ ಮತ್ತೆ ಶುರುವಾಯಿತು. ಇದು ಇಂಗ್ಲಿಷ್ ಮುದುಕನಲ್ಲ, ಇದು ನೇಮನ್ ನದಿಯ ದಂಡೆಯ ಬಾಯಿ, ಶ ಎನ್ನಲಾಗದೆ ಎಲ್ಲವನ್ನೂ ಸ ಎನ್ನುವ ನಮ್ಮೂರ ಬಾಯಿ, ಈ ಊರಿನ ಯೆಹೂದಿಗಳು ಕೂಡ ನಮ್ಮನ್ನು ಅದಕ್ಕೇ ಆಡಿಕೊಳ್ಳುತ್ತಾರೆ, ಮತ್ತೆ ಆ ಸ ಬರೀ ಊರಿನದಲ್ಲ, ಗೋಡೆಯ ಆಚೆ ದೀಪದ ಮುಂದೆ ತೂಗುತ್ತಾ ಪಾಠ ಓದುತ್ತಿದ್ದ ಸ, ದ್ವೋಶೆ ಎನ್ನಲು ಬರದೆ ದ್ವೋಸೆ, ದ್ವೋಸೆ ಎಂದು ಕರೆಯುತ್ತಿದ್ದ ಸ, ಮುಖ ನೋಡುವ ಮೊದಲೇ ಅವಳಿಗೆ ಗೊತ್ತಾಗಿತ್ತು, ಅಣ್ಣ, ಝೆಲಿಗ್, ಗಡ್ಡವಿಲ್ಲ, ಕರಿ ಕೋಟು, ಕೂದಲು ಹಿಂದಕ್ಕೆ ಸರಿದಿದೆ, ಹನ್ನೊಂದು ವರ್ಷದ ಹಿಂದೆ ಸತ್ತ ಝೆಲಿಗ್. ಸತ್ತದ್ದು ಕಾಗದದಲ್ಲಿ. ನಾನು ದೀಕ್ಷಾಸ್ನಾನ ಪಡೆದೆ ಎಂದು ಅವನೇ ಲಂಡನ್ನಿನಿಂದ ಬರೆದಿದ್ದ, ಚೆಂದದ ಅಕ್ಷರ, ಅಪ್ಪ ನಿಂತೇ ಓದಿದರು, ಕಾಗದ ಮಡಚಿದರು, ಅಂಗಿ ಹರಿದುಕೊಂಡರು, ಕನ್ನಡಿಗೆ ಬಟ್ಟೆ ಹೊದಿಸಿ ಗಿಡ್ಡ ಮಣೆಯ ಮೇಲೆ ಕೂತುಬಿಟ್ಟರು, ಏಳು ದಿನದ ಸೂತಕ, ಊರಿನವರು ಬೇಯಿಸಿದ ಮೊಟ್ಟೆ ತಂದುಕೊಟ್ಟರು, ಹದಿನಾರು ವರ್ಷದ ಇವಳೂ ಕೂತಳು, ಹೆಣವಿಲ್ಲದ ಸಾವಿಗೆ ಹೇಗೆ ಅಳಬೇಕೆಂದು ತಿಳಿಯದೆ ಕೂತಳು — ಅಣ್ಣ ಸತ್ತ ಎಂದೇ ನಿಸ್ಸನ್ನನಿಗೂ ಹೇಳಿದ್ದಾಳೆ, ಗಂಡನಿಗೆ, ಮೂರು ವರ್ಷದಿಂದ ಇದೇ ಊರಿನಲ್ಲಿದ್ದಾಳೆ, ಬೀದಿಯಲ್ಲಿ ಅವನಂಥ ಬೆನ್ನು ಕಂಡರೆ ಆಚೆ ಓಣಿಗೆ ತಿರುಗಿದ್ದಾಳೆ.

ಅವನು ಮಾತಾಡುತ್ತಿದ್ದಾನೆ, ಕಡ್ಡಿಗಳು ನಿಧಾನವಾಗುತ್ತಿವೆ, ಇವನನ್ನು ನೋಡಿ ನಗಲಾಗುವುದಿಲ್ಲ, ಇವನಿಗೆ ಕುರಿಯೂ ಗೊತ್ತು ಕುರ್ಚಿಯೂ ಗೊತ್ತು, ಹಬ್ಬದ ಹಿಂದಿನ ದಿನ ಅಡಿಗೆಮನೆಯ ಸೆಕೆ ಗೊತ್ತು, ಹೆಂಗಸರ ಸಾಲಿನ ಪರದೆಯ ಹಿಂದೆ ಕೂತು ಅಳುವುದು ಗೊತ್ತು, ಮೆಶುಮೆದ್, ಕುಲಗೆಟ್ಟವನು, ಎಂದು ಖಾಸ್ಯೆ ಪಕ್ಕದಲ್ಲಿ ಕರವಸ್ತ್ರಕ್ಕೆ ಉಗುಳಿದಳು, ಆದರೆ ಅವಳ ಕಡ್ಡಿಯೂ ನಿಂತಿದೆ, ಕೇಳುತ್ತಿದ್ದಾಳೆ. ನನಗೂ ಒಂದು ಮನೆಯಿತ್ತು, ಎನ್ನುತ್ತಿದ್ದಾನೆ ಅವನು, ನನ್ನ ಕಾಗದ ಹೋದ ದಿನ ನನ್ನ ತಂದೆ, ನನ್ನ ತಾಯಿ, ನನ್ನ ತಂಗಿ, ಮೂವರೂ ನೆಲ ಹಿಡಿದು ಕೂತರಂತೆ, ಬದುಕಿರುವ ಮಗನಿಗೆ ಏಳು ದಿನ ಅತ್ತರಂತೆ, ಊರಿಂದ ಬಂದವನೊಬ್ಬ ಹೇಳಿದ, ಆದರೂ ನಾನು ಅವರನ್ನು ಬಿಟ್ಟಿಲ್ಲ, ದಿನವೂ ಅವರಿಗಾಗಿ ಪ್ರಾರ್ಥಿಸುತ್ತೇನೆ — ಸುಳ್ಳು, ಎಂದಿತು ಅವಳೊಳಗೆ ಏನೋ, ನಮ್ಮ ಮನೆಯ ಕನ್ನಡಿ, ನಮ್ಮ ಮಣೆ, ನಮ್ಮ ಮೊಟ್ಟೆ, ಎಲ್ಲವನ್ನೂ ಈ ಫಿನಾಯಿಲು ಕೋಣೆಗೆ ತಂದು ಹರಡಿದ್ದಾನೆ, ಹರಡಿದರೆ ಹರಡಲಿ, ಸರಿಯಾಗಿಯಾದರೂ ಹೇಳಬಾರದೇ, ಮೂವರು ಅಲ್ಲ, ಇಬ್ಬರು. ಅಮ್ಮ ಕೂತಿರಲಿಲ್ಲ. ಅಪ್ಪ ಮಣೆ ತೋರಿಸಿದರು, ಅಮ್ಮ ಒಲೆಯ ಹತ್ತಿರ ಹೋಗಿ ನಿಂತಳು, ಕೂರೇ ಎಂದರು ನೆರೆಯವರು, ನನಗೆ ಕಾಲು ನೋವು, ಕೂತರೆ ಏಳಕ್ಕಾಗಲ್ಲ, ಎಂದಳು, ಒಂದನೇ ದಿನ, ಎರಡನೇ ದಿನ, ಹಗಲೆಲ್ಲ ನಿಂತಳು, ಗೋಡೆಗೆ ಒರಗಿ ನಿಂತಳು, ಊಟ ನಿಂತೇ ಮಾಡಿದಳು, ಏಳನೇ ದಿನ ಪಾದಗಳು ಊದಿ ಬೂಟು ಹಿಡಿಯಲಿಲ್ಲ, ಅಪ್ಪನಿಗೆ ಎದುರಾಡಲಿಲ್ಲ, ಕೂರಲಿಲ್ಲ, ಅಷ್ಟೇ. ಅದು ಊರಿಂದ ಬಂದವನಿಗೆ ಏನು ಗೊತ್ತು. ಎದ್ದು ಹೇಳಿಬಿಡಲೇ — ಎದ್ದರೆ ಅರವತ್ತು ಮುಖ ತಿರುಗುತ್ತವೆ, ಮಗು ಒಮ್ಮೆ ಮುಲುಗಿತು, ಕೂತೇ ಉಳಿದಳು.

ಮೂವತ್ತೊಂದು, ಎಂದು ಕೂಗಿದರು, ಅವಳ ಚೀಟಿ, ಒಳಕೋಣೆಯಲ್ಲಿ ಬಿಳಿಗೂದಲ ಡಾಕ್ಟರಮ್ಮ, ತಣ್ಣನೆಯ ಒಳ್ಳೆಯ ಬೆರಳುಗಳು, ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ಮಾತು ದಾಟಿಸಲು ಪಕ್ಕದಲ್ಲಿ ಒಬ್ಬ ನಿಂತಿರುತ್ತಾನೆಂದು ಖಾಸ್ಯೆ ಹೇಳಿದ್ದಳು, ಅವನು ಯಾರೆಂದು ಇವತ್ತು ಕೇಳಬೇಕಾಗಿಲ್ಲ. ಎಷ್ಟು ದಿನದಿಂದ ಅಂತ ಕೇಳ್ತಿದ್ದಾರೆ, ಹೇಳಿ, ಎಂದ ಅವನು ಪುಸ್ತಕ ನೋಡುತ್ತಲೇ. ಅವಳು ಶಾಲಿನೊಳಗಿಂದ ಹೇಳಿದಳು, ಒಂಬತ್ತು ದಿನ, ಎಡಗಿವಿ, ನಿನ್ನೆಯಿಂದ ಹಿಂದೆ ಊದಿದೆ, ಅಷ್ಟೇ ಹೇಳಿದ್ದು, ಅವನ ಪೆನ್ನು ನಿಂತಿತು. ಅವಳ ಬಾಯಲ್ಲೂ ಅದೇ ಊರು. ಅವನು ತಲೆ ಎತ್ತಿದ, ಡಾಕ್ಟರಮ್ಮ ಏನೋ ಕೇಳಿದಳು, ಅವನು ಇಂಗ್ಲಿಷಿನಲ್ಲಿ ಉತ್ತರಿಸಿದ, ಮತ್ತೆ ಇತ್ತ ತಿರುಗಿದಾಗ ಬಹುವಚನ ಬಿದ್ದುಹೋಗಿತ್ತು, ಕೀವು ಮೂಳೆಗೆ ಇಳೀತಿದೆ, ಈಗ್ಲೇ ಕುಯ್ದು ತೆಗೀಬೇಕಂತೆ, ನಾಳೆ ಅಂದ್ರೆ ಮೆದುಳಿಗೆ ಹೋಗುತ್ತೆ, ಮಗುಗೆ ಮಂಪರು ಔಷಧಿ ಮೂಸಿಸ್ತಾರೆ, ನೀನು ಹೂಂ ಅನ್ಬೇಕು. ಇದು ಅವಳ ಮಾತೋ ಇವನ ಮಾತೋ, ಯಾರನ್ನು ನಂಬುವುದು, ಈ ಕೋಣೆಯಲ್ಲಿ ನನಗೆ ಅರ್ಥವಾಗುವ ಬಾಯಿ ಇದೊಂದೇ, ಇದೇ ಬಾಯಿ ಅಪ್ಪನನ್ನು ಮುರಿದದ್ದು, ಮತ್ತೆ ಬೀದಿಯಲ್ಲಿ ಎಲ್ಲರೂ ಹೇಳುತ್ತಾರಲ್ಲ, ಮಗು ನಿದ್ದೆಯಲ್ಲಿದ್ದಾಗ ತಲೆಗೆ ನೀರು ಹಾಕಿ ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆಂದು — ನೀರು ಹಾಕ್ಬಾರ್ದು, ಎಂದಳು ಅವಳು. ಯಾರೂ ಹಾಕಲ್ಲ, ಎಂದ. ನೀನು ಅದನ್ನ ನಿಜವಾಗ್ಲೂ ನಂಬ್ತೀಯೇನೋ, ಇವ್ರು ಹೇಳೋದನ್ನ, ಎಂದಳು. ಹೂಂ, ನಂಬ್ತೀನಿ, ರೊಟ್ಟಿಗೋಸ್ಕರ ಅಲ್ಲ, ನಂಬ್ತೀನಿ. ಹೊಟ್ಟೆಪಾಡು ಎಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಹಾಗಾದ್ರೆ ನಮ್ಮ ಯಾವ ಆಣೆ ನಿನ್ನನ್ನ ಕಟ್ಟುತ್ತೆ, ಎಂದು ಕೇಳಿದಳು, ಅವನು ತಡಮಾಡಲಿಲ್ಲ, ಅಮ್ಮನಾಣೆ, ಅವಳು ನೂರಿಪ್ಪತ್ತು ವರ್ಷ ಬದುಕಲಿ, ನಿನ್ನ ಮಗು ಬಂದ ಹಾಗೇ ವಾಪಸ್ಸು ಹೋಗುತ್ತೆ. ಅವಳು ಹೂಂ ಎಂದಳು. ಡಾಕ್ಟರಮ್ಮ ಪುಸ್ತಕದ ಕಡೆ ಬೆರಳು ತೋರಿಸಿದಳು. ಮಗು ಹೆಸ್ರು ಬರ್ಕೋಬೇಕಂತೆ, ಎಂದ ಅವನು. ಹೇಳಬಾರದಿತ್ತು, ಬೇರೆ ಏನಾದರೂ ಹೇಳಬಹುದಿತ್ತು, ಮಲ್ಕೆ, ರೋಖ್ಲೆ, ಯಾವುದಾದರೂ, ಆದರೆ ಕಾಯಿಲೆಯ ಮಗುವಿನ ಹೆಸರು ಸುಳ್ಳು ಹೇಳುವುದು ಹೇಗೆ, ಪೆರ್ಲೆ, ಎಂದಳು. ಅಮ್ಮನ ಹೆಸರು. ಬದುಕಿರುವವರ ಹೆಸರನ್ನು ನಾವು ಮಕ್ಕಳಿಗೆ ಇಡುವುದಿಲ್ಲ. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಅವನು ಪೆ ಎಂದು ಬರೆದ, ಮುಂದಿನ ಅಕ್ಷರ ಬರೆಯಲಿಲ್ಲ, ಪುಸ್ತಕದ ಮೇಲೆ ಮಸಿ ಒಂದು ಚುಕ್ಕೆಯಾಗಿ ಅಗಲವಾಯಿತು, ಎಷ್ಟು ವರ್ಷ ಆಯ್ತು, ಎಂದು ಕೇಳಿದ, ಐದು, ಎಂದಳು.

ಆಮೇಲೆ ಸಿಹಿಯಾದ ಕೆಟ್ಟ ವಾಸನೆ, ಹತ್ತಿಯ ಬಟ್ಟೆ, ಡಾಕ್ಟರಮ್ಮನ ಕೈಯಲ್ಲಿ ಮಿಂಚಿದ್ದು, ನೋಡಬಾರದು, ಮಗುವಿನ ತಲೆಯನ್ನು ಹಿಡಿದವನು ಅವನು, ಎರಡು ಅಂಗೈಗಳ ನಡುವೆ, ಅಲುಗದ ಹಾಗೆ, ಅವನ ಗಲ್ಲದಿಂದ ಹನಿಗಳು ಅವನ ತೋಳಿನ ಮೇಲೆಯೇ ಬೀಳುತ್ತಿದ್ದವು, ಮಗುವಿನ ಮೇಲೆ ಒಂದು ಹನಿಯೂ ಬೀಳದಂತೆ ಮುಖ ಅತ್ತ ತಿರುಗಿಸಿದ್ದ, ಆಣೆ ಇಟ್ಟವನಲ್ಲವೇ. ಕೀವು ಬಂತು, ತಟ್ಟೆ ತುಂಬ, ಡಾಕ್ಟರಮ್ಮ ತಲೆಯಾಡಿಸಿ ಗುಡ್ ಗುಡ್ ಎಂದಳು, ಅಷ್ಟು ಇಂಗ್ಲಿಷ್ ದ್ವೋಶೆಗೂ ಬರುತ್ತದೆ, ಬೆಂಚಿನ ಮೇಲೆ ಕೂತಳು. ಡಾಕ್ಟರಮ್ಮ ಕೈ ತೊಳೆಯಲು ಮೂಲೆಗೆ ಹೋದಳು. ಈಗ ಹೇಳದಿದ್ದರೆ ಮತ್ತೆಂದೂ ಇಲ್ಲ. ಅಮ್ಮ ಕೂತಿರ್ಲಿಲ್ಲ ಕಣೋ, ಎಂದಳು, ನೀನು ಅಲ್ಲಿ ಮೂರು ಜನ ಅಂತ ಹೇಳ್ದೆ, ತಪ್ಪು, ಅಪ್ಪ ಕೂತ್ರು, ನಾನು ಕೂತೆ, ಅಮ್ಮ ಏಳು ದಿನಾನೂ ನಿಂತೇ ಇದ್ಲು. ಅವನ ಬಲಗೈ ತಾನಾಗಿ ಮೇಲೆದ್ದು ಕೋಟಿನ ಎಡ ಎದೆಯ ಮಡಿಕೆಯನ್ನು ಹಿಡಿಯಿತು, ಎರಡು ಬೆರಳು, ಹೆತ್ತವರ ಸಾವಿನ ಸುದ್ದಿ ಬಿದ್ದ ಗಳಿಗೆ ಮಗ ಹರಿಯಬೇಕಾದದ್ದು ಅಲ್ಲೇ, ಹೃದಯದ ಮೇಲೆ, ಹಿಡಿದು ಎಳೆದ, ಒಳ್ಳೆಯ ಗಟ್ಟಿ ಬಟ್ಟೆ, ಹರಿಯಲಿಲ್ಲ, ಮತ್ತೆ ಎಳೆದ, ಅದಕ್ಕೆ ಮೊದಲು ಬೇರೊಬ್ಬರು ಕತ್ತರಿಯಿಂದ ಒಂದು ಕಚ್ಚು ಹಾಕಿಕೊಡಬೇಕು, ಬಂಧುಗಳು ಹಾಕಿಕೊಡುತ್ತಾರೆ, ಇವನಿಗೆ ಯಾರಿದ್ದಾರೆ, ಸತ್ತವನು ಇನ್ನೊಬ್ಬರಿಗಾಗಿ ಬಟ್ಟೆ ಹರಿದುಕೊಳ್ಳುವುದುಂಟೇ, ಅಪ್ಪ ಕೇಳಿದರೆ ಏನೆಂದಾರು, ನಿಸ್ಸನ್ ಏನೆಂದಾನು, ಯೋಚನೆ ಮುಗಿಯುವ ಮೊದಲೇ ಅವಳು ಎದ್ದಿದ್ದಳು, ಗುಂಡಿಕಾಜು ಹೊಲಿಯುವವಳ ಸೊಂಟದಲ್ಲಿ ದಾರ ಕತ್ತರಿಸುವ ಕತ್ತರಿ ಸದಾ ಇರುತ್ತದೆ, ಇಂಥ ಕೋಟಿನ ಮಡಿಕೆಗಳು ದಿನಕ್ಕೆ ಮೂವತ್ತು ಅವಳ ಕೈದಾಟಿ ಹೋಗುತ್ತವೆ, ಎಲ್ಲಿ ಕತ್ತರಿಸಿದರೆ ಎಳೆ ಬಿಡುತ್ತದೆಂದು ಅವಳಿಗೆ ಗೊತ್ತು, ಅಂಚಿನಲ್ಲಿ ಒಂದು ಕಚ್ಚು, ಈಗ ಎಳಿ, ಎಂದಳು. ಅವನು ಎಳೆದ. ಪರ್ ಎಂದಿತು. ಕರಿ ಬಟ್ಟೆ ಬಾಯಿಬಿಟ್ಟು ಒಳಗಿನ ಬಿಳಿ ಗಟ್ಟಿಬಟ್ಟೆ ಕಂಡಿತು, ಅಂಗೈ ಅಗಲ. ಅವನ ತುಟಿಗಳು ಅಲ್ಲಾಡಿದವು, ಆ ಗಳಿಗೆ ಹೇಳಬೇಕಾದ ನಮ್ಮ ಹಳೆಯ ಮಾತೋ, ಇವರ ಪ್ರಾರ್ಥನೆಯೋ, ಅವಳಿಗೆ ಕೇಳಿಸಲಿಲ್ಲ, ಕೇಳಲೂ ಇಲ್ಲ.

ಮೂವತ್ತೆರಡು ಎಂದು ಕರೆಯಲು ಅವನೇ ಬಾಗಿಲು ತೆಗೆದ, ಹರಿದದ್ದನ್ನು ಕೈಯಿಂದ ಮುಚ್ಚಿಕೊಳ್ಳಲಿಲ್ಲ, ಅದನ್ನು ಓದಲು ಬಾರದ ಹೆಂಗಸು ಆ ಸಾಲುಗಳಲ್ಲಿ ಒಬ್ಬಳೂ ಇರಲಿಲ್ಲ, ಟಿಕ್ ಟಿಕ್ ಪೂರ್ತಿ ನಿಂತಿತು, ಯಾರಪ್ಪಾ, ಎಂದು ಕೇಳಿದಳು ಉಗುಳಿದ್ದ ಖಾಸ್ಯೆ, ಅಮ್ಮ, ಎಂದ ಅವನು, ಖಾಸ್ಯೆ ಶಾಲು ತಲೆಯ ಮೇಲೆ ಎಳೆದುಕೊಂಡು ಸಾವಿನ ಮನೆಯಲ್ಲಿ ಆಡುವ ಸಮಾಧಾನದ ಮಾತನ್ನು ಅರ್ಧ ಆಡಿ, ಇವನಿಗೆ ಆಡಬಹುದೋ ಎಂದು ಗೊತ್ತಾಗದೆ ಅಲ್ಲೇ ಬಿಟ್ಟಳು. ದ್ವೋಶೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಣಿಗೆ ಇಳಿದಳು, ಮಗು ಉಸಿರಾಡುತ್ತಿದೆ, ಜ್ವರದ ಉಸಿರಲ್ಲ, ನಿದ್ದೆಯ ಉಸಿರು, ಆ ಇಬ್ಬರು ಗಂಡಸರು ದಾರಿ ಬಿಟ್ಟರು, ನಿಸ್ಸನ್ನನಿಗೆ ಇವತ್ತೇ ಹೇಳಬೇಕು, ಅಪ್ಪನಿಗೆ ಬರೆಯಬೇಕು, ಏನೆಂದು, ಸತ್ತವನನ್ನು ಕಂಡೆ ಎಂದೇ, ಅಮ್ಮನಿಗೆ ಅವನೂ ಹರಿದುಕೊಂಡ ಎಂದೇ, ಕಚ್ಚು ಹಾಕಿದವಳು ನಾನು ಎಂದೇ, ಅಪ್ಪ ನಿಂತೇ ಓದುತ್ತಾರೆ, ಮಡಚುತ್ತಾರೆ, ಮತ್ತೆ — ಅಲ್ಲಿಂದ ಮುಂದೆ ಹೋಗುತ್ತಿಲ್ಲ, ಮೀನಿನ ಗಾಡಿ, ಟ್ರಾಮಿನ ಗಂಟೆ, ಒದ್ದೆ ಕಲ್ಲು, ಎಲ್ಲದರ ಮೇಲೂ ಅದೇ ಹರಕು, ನಾಳೆ ಅದನ್ನು ಹೊಲಿದುಕೊಳ್ಳುತ್ತಾನೋ, ಹೆತ್ತವರಿಗಾಗಿ ಹರಿದದ್ದನ್ನು ಚೆನ್ನಾಗಿ ಹೊಲಿಯುವ ಹಾಗಿಲ್ಲ, ಗೊತ್ತಿದೆಯೇ ಅವನಿಗೆ, ಮರೆತಿದ್ದಾನೋ, ಅದನ್ನೇ ತೊಟ್ಟು ನಿಂತು ಸಾಂತಿ ಎನ್ನುತ್ತಾನೋ, ಕರಿ ಬಟ್ಟೆ, ಬಿಳಿ ಬಾಯಿ, ಅಂಗೈ ಅಗಲ, ಕರಿ ಬಟ್ಟೆ, ಬಿಳಿ