ಗೂಡಿನ ಸುತ್ತ ಕೆಂಪು ಪುಡಿ

ಎಷ್ಟು ಸುಮ್ಮನಿದೆ ಗೂಡು, ತಗಡಿನ ಮೇಲೆ ಇಬ್ಬನಿ ಕೂತು ತಗಡೇ ಬೆವರಿದ ಹಾಗೆ ಕಾಣುತ್ತಿದೆ, ಒಳಗಿಂದ ಕೊರ್ ಎನ್ನುವ ಒಂದು ಸದ್ದೂ ಇಲ್ಲ, ಕಾವಿಗೆ ಕೂತ ಕೋಳಿ ಹಾಗೇ ಇರುತ್ತದೆ, ಹೆದರಿಕೆ ಏನಿಲ್ಲ, ನೆಲದ ಪುಡಿ ಕಾಣುವಷ್ಟು ಬೆಳಕು ಹರಿದರೆ ಸಾಕು, ಎದ್ದು ಹೋಗಿ ನೋಡುತ್ತೇನೆ — ಸ್ಟೇಷನ್ ಕಡೆ ರೈಲು ಕೂಗಿತು, ನಾನು ಬೇಗ ನಮಾಜು ಮುಗಿಸಿ ಹಿತ್ತಲ ಬಾಗಿಲಿಗೆ ಬಂದು ಕೂತೆ, ಒಳಗೆ ನಾನಿ ಈಗ ಮುಗಿಸಿ ಚಾಪೆ ಮಡಚುತ್ತಿದ್ದಾಳೆ, ಈಗ ಕರೆಯುತ್ತಾಳೆ, ದಿಲನಾಜ, ನಿನ್ನ ಕೋಳಿ ಐತೋ ಹೋತೋ. ಮೂರು ವಾರದಿಂದ ಕೋಳಿ ಅಡಿಗೆಮನೆಯ ಮೂಲೆಯಲ್ಲಿ ಬುಟ್ಟಿಯಲ್ಲಿತ್ತು, ನಾನಿ ಒಲೆ ಊದುವಾಗೆಲ್ಲ ಅದರ ಜೊತೆ ಜಗಳ, ಐತವಾರ ರಾಣೆಬೆನ್ನೂರಿಂದ ನಿಮ್ಮಕ್ಕ ಹೀನಾನ ಅತ್ತಿಮನಿಯವರು ಬರತಾರ, ಅಷ್ಟರಾಗ ಅಡಿಗಿಮನಿ ಖಾಲಿ ಆಗಬೇಕು, ಹಿತ್ತಲದಾಗ ಮತ್ತೊಂದು ಪುಚ್ಚ ಬಿದ್ದಿತ್ತಂದ್ರ ಕೋಳಿ ಸಾಕೂದ ಬಂದ್ ನೋಡು, ಉಳದದ್ದು ಗಡಿಗ್ಯಾಗ. ಕುಲ್ಸುಮಬಿ ನಾನಿ ಹೇಳಿದರೆ ಹೇಳಿದ ಹಾಗೆ. ಐದರಲ್ಲಿ ಉಳಿದದ್ದು ಈ ಕರಿ ಕೋಳಿ ಒಂದೇ, ಅದರ ಕೆಳಗೆ ಹನ್ನೊಂದು ಮೊಟ್ಟೆ, ಇವತ್ತಿಗೆ ಹತ್ತೊಂಬತ್ತು ದಿನ, ಮರಿ ಹೊರಬರಲು ಇನ್ನೆರಡೇ ದಿನ, ನಿನ್ನೆ ಸಂಜೆ ಬುಟ್ಟಿ ಸಮೇತ ಎತ್ತಿ ತಂದು ನಾನು ಕಟ್ಟಿದ ಈ ಹೊಸ ಗೂಡಿನಲ್ಲಿಟ್ಟೆ, ಕೋಳಿ ನನ್ನ ಕೈ ಕುಕ್ಕಲಿಲ್ಲ, ಕತ್ತು ಓರೆ ಮಾಡಿ ಸುತ್ತಲೂ ನೋಡಿತು ಅಷ್ಟೆ.

ಹಳೆಯ ಗೂಡು ಭಾಯಿ ಕಟ್ಟಿದ್ದು, ನಾಲ್ಕು ಗೂಟ, ಸುತ್ತ ಮೆಣಸಿನಕಾಯಿ ಚೀಲ, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಶಹಬಾಜ ಭಾಯಿಗೆ ಚೀಲಕ್ಕೇನು ಬರ, ಸಾಲದ್ದಕ್ಕೆ ಯಾರ್ಡಿನ ನೆಲ ಗುಡಿಸಿದ ಮೆಣಸಿನ ಪುಡಿ ಒಂದು ಬುಟ್ಟಿ ತಂದು ಸುತ್ತಲೂ ಸುರಿದ, ಬ್ಯಾಡಗಿ ಮೆಣಸಿನಕಾಯಿ ಐತಿ ಇದು, ಹುಲಿ ಬಂದ್ರೂ ಸೀನಕೋತ ಹೋಗತೈತಿ ತಗೋ, ಓಣಿಯವರೆಲ್ಲ ಹೌದೌದು ಅಂದರು — ಯಾರಿಗೂ ನೆನಪಾಗಲಿಲ್ಲ, ನಮ್ಮ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ, ದಲಾಲರು ಹೊರಗಿನ ಖರೀದಿದಾರರಿಗೆ ದಿನಾ ಅದನ್ನೇ ಹೇಳುತ್ತಾರೆ, ಭಾಯಿ ಚೀಲ ಹೊತ್ತು ಪಕ್ಕದಲ್ಲೇ ನಿಂತಿರುತ್ತಾನೆ, ಕೂಲಿಗೆ ಹೋಗಿ ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿದು ಅದೇ ಕೈಯಿಂದ ನಾನು ಕಣ್ಣು ಒರೆಸಿಕೊಳ್ಳುತ್ತೇನೆ, ನನಗೆ ಗೊತ್ತಿತ್ತು, ಪುಡಿ ಸುರಿಯುವಾಗ ಬಾಗಿಲ ಹಿಂದೆಯೇ ನಿಂತಿದ್ದೆ, ಬಾಯಿ ಏಳಲಿಲ್ಲ. ಮರುದಿನ ಮಧ್ಯಾಹ್ನ ಕೆಲಸದಿಂದ ಊಟಕ್ಕೆ ಬಂದರೆ ಹಿತ್ತಲ ತುಂಬ ಪುಚ್ಚ, ನಾಲ್ಕು ಕೋಳಿ ಇಲ್ಲ, ಕರೀದು ಮಾತ್ರ ನುಗ್ಗೆ ಗಿಡದ ಮೇಲೆ, ಬಟ್ಟೆ ಒಗೆಯುವ ಬಿಳಿ ಕಲ್ಲಿನ ಮೇಲೆ ಗೋಡೆಯ ತನಕ ಸಣ್ಣ ಸಣ್ಣ ಪಾದ, ಐದೈದು ಬೆರಳು, ಮೆಹಂದಿಗೆ ಅದ್ದಿ ತೆಗೆದ ಹಾಗೆ ಕೆಂಪು. ಮುಂಗುಸಿ ಸೀನಿಯೂ ಇರಲಿಲ್ಲ. ಆ ಕಲ್ಲನ್ನು ಮೂರು ಸಲ ತಿಕ್ಕಿದೆ, ಬಣ್ಣ ಹೋಗಲಿಲ್ಲ, ಬಟ್ಟೆ ಕುಕ್ಕುವಾಗೆಲ್ಲ ಆ ಪಾದ ಕಣ್ಣಿಗೆ ಬೀಳುತ್ತದೆ.

ಆಮೇಲೆ ಯಾರನ್ನೂ ಕೇಳಲಿಲ್ಲ, ನೋಡುತ್ತ ಕೂತೆ, ನೋಡುವುದೊಂದು ನನಗೆ ಚೆನ್ನಾಗಿ ಬರುತ್ತದೆ, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅಳತೆಪಟ್ಟಿ ಬೇಕಿಲ್ಲ — ಮುಂಗುಸಿ ಗೂಡಿನ ಮೇಲೆ ಜಿಗಿಯುವುದಿಲ್ಲ, ಸಂದು ಹುಡುಕುತ್ತದೆ, ಮೂಗು ತೂರಿಸುತ್ತದೆ, ಆಗದಿದ್ದರೆ ನೆಲ ಕೆದರುತ್ತದೆ, ನನ್ನ ಎರಡು ಬೆರಳು ಹೋಗುವ ಕಡೆ ಅದರ ತಲೆ ಹೋಗುತ್ತದೆ, ತಲೆ ಹೋದರೆ ಮೈಯೂ ಹೋಯಿತು. ಅದಕ್ಕೇ ದೊಡ್ಡ ಕಣ್ಣಿನ ತಂತಿ ಜಾಳಿಗೆ ಬೇಡ ಅಂದುಕೊಂಡೆ, ಅದಕ್ಕೆ ರೊಕ್ಕವೂ ಇರಲಿಲ್ಲ, ಗೋಣೆಪ್ಪನ ಗುಜರಿ ಅಂಗಡಿಯಲ್ಲಿ ಹಳೇ ಏರ್ ಕೂಲರಿನ, ಗಾಳಿಯಾಡುವ ಸಂದುಗಳಿರುವ ಮೂರು ಪಕ್ಕದ ತಗಡು ಬಿದ್ದಿದ್ದವು, ಎರಡು ದಿನ ಮುಂದಿನಿಂದ ಹಾದು ಹೋದೆ, ಮೂರನೇ ದಿನ ನಿಂತೆ, ಗೋಣೆಪ್ಪ ತಲೆ ಎತ್ತಿದ, ಏನವಾ, ನಿನಗ ಮಾತಾಡಾಕ ಬರತೈತೇನ, ತಲಿ ಬಗ್ಗಿಸಿ ಹೋಗೂದಷ್ಟ ನೋಡೇನಿ ನಾ. ಇವಕ್ಕ ಒಂದ್ ಜೋಡಿ ಕೋಳಿಮರಿ ಕೊಡತೇನ್ರಿ, ಅಂದದ್ದು ನನ್ನದೇ ದನಿ. ಎಲ್ಲಿ ಅದಾವ ಮರಿ? ಇನ್ನೂ ಮೊಟ್ಟ್ಯಾಗ ಅದಾವ್ರಿ. ಅವನು ನಕ್ಕ ನಗೆಗೆ ತಕ್ಕಡಿ ಅಲುಗಿತು, ನೀ ದಲಾಲಿ ಅಂಗಡಿ ಇಡವಾ, ಒಯ್ಯಿ ಒಯ್ಯಿ. ಕೂಲರ್ ತಗಡಿನ ಸಂದಿಗೆ ಒಳಗಿಂದ ಮೆಣಸಿನ ಬೀಜ ಸೋಸುವ ಹರಿದ ತಂತಿ ಜರಡಿ ಬಿಗಿದೆ, ಸೈಕಲ್ಲಿನ ಹಳೇ ಕಡ್ಡಿಗಳಿಂದ ಹೊಲಿದ ಹಾಗೆ, ಬುಡಕ್ಕೆ ಒಡೆದ ಹಂಚನ್ನು ಒಂದು ಮೊಳ ಆಳಕ್ಕೆ ನಿಲ್ಲಿಸಿ ಹೂತೆ, ಕೋಲ್ಡ್ ಸ್ಟೋರೇಜಿನವರು ಬಿಸಾಕಿದ ಹಲಗೆ ಬಾಗಿಲಾಯಿತು, ಭಾಯಿ ಬಂದು ಚಿಲಕ ಎಳೆದೆಳೆದು ನೋಡಿದ, ಇದು ಕೋಳಿ ಗೂಡೋ ಬ್ಯಾಂಕಿನ ತಿಜೋರಿಯೋ. ಒಂದ್ ಬೊಗಸಿ ಪುಡಿ ತಂದ್ಕೊಡು ಭಾಯಿ. ಮತ್ತ ಪುಡಿನಾ, ಅದಕ್ಕೇನ್ ಹೆದರತೈತಿ ಅದು. ಹೆದರಸಾಕಲ್ಲ, ಎಲ್ಲಿಂದ ಬರತೈತಿ ನೋಡಾಕ. ಅವನು ಚಿಲಕ ಬಿಟ್ಟು ನನ್ನ ಮುಖ ನೋಡಿದ, ಇಷ್ಟು ಉದ್ದ ಮಾತು ನಾನು ಆಡಿದ್ದು ಅವನಿಗೂ ಹೊಸದು, ಸಂಜೆಗೆ ಒಂದು ಚೀಲವನ್ನೇ ತಂದು ಇಳಿಸಿದ, ಗೂಡಿನ ಸುತ್ತ ತೆಳ್ಳಗೆ ಹರಡಿದೆ.

ಬೆಳಕು ಬಂತು. ಏಳು ದಿಲನಾಜ, ಏಳು, ಕಾಲಿಗೆ ಮಣ್ಣು ತಣ್ಣಗಿದೆ — ಇಲ್ಲಿ, ಗೋಡೆಯಿಂದ ಇಳಿದಿದೆ, ನಾವಿಬ್ಬರೂ ನಮಾಜಿಗೆ ಒಳಗಿದ್ದಾಗಲೇ ಇರಬೇಕು, ಪುಡಿಯ ಮೇಲೆ ಸಾಲು ಹೆಜ್ಜೆ, ಒಂದು ಸುತ್ತು, ಎರಡು ಸುತ್ತು, ಹಿಂದಿನ ಮೂಲೆಯಲ್ಲಿ ಕೆದರಿದೆ, ಹಂಚು ಬಿಳಿಚಿ ಕಾಣುವ ತನಕ ಕೆದರಿ ಬಿಟ್ಟಿದೆ, ಜರಡಿಯ ಹತ್ತಿರ ಒಂದು ಕೂದಲು, ಜರಡಿ ಬಗ್ಗಿಲ್ಲ, ಮೂರನೇ ಸುತ್ತು ಬಾಗಿಲಿಗೆ ಬಂದಿದೆ, ನಾನಿ ಹಿಂದಿನಿಂದ, ಐತೇನ, ಅಂದಳು, ಒಳಗಿಂದ ಕೊರ್ ಎಂದಿತು, ಸಿಟ್ಟಿನಲ್ಲಿ, ಇನ್ನೊಮ್ಮೆ ಕೊರ್, ಐತಿ ನಾನಿ, ಐತಿ, ಒಂದು ಪುಚ್ಚವೂ ಬಿದ್ದಿಲ್ಲ, ಚಿಲಕಕ್ಕೆ ಕೈ ಹೋಯಿತು, ಅಲ್ಲೇ ನಿಂತಿತು — ಹಲಗೆಯ ಮೇಲೆ, ಚಿಲಕದ ಕೆಳಗೆ, ಅದು ಒತ್ತಿ ನೋಡಿ ಬಿಟ್ಟುಹೋದ, ಇಬ್ಬನಿಗೆ ನೆನೆದು ಅಚ್ಚಾದ ಒಂದು ಪಾದ, ಐದು ಬೆರಳು, ಕೆಂಪು, ಒಂದೇ ಒಂದು ಪಾದ.